‘ಮಿಸ್ಟ್’: ಒಂದು ಹಳೆಯ ಕಂಪ್ಯೂಟರ್ ಆಟ ಮತ್ತು ನಮ್ಮ ವಿದ್ಯಾರ್ಥಿಗಳು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)





‘ಕಂಪ್ಯೂಟರ್ ಮತ್ತು ವಿದ್ಯಾರ್ಥಿ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಸಂಘದ ಪದಾಧಿಕಾರಿಗಳು ನನಗೆ ಹೇಳಿದ್ದಾರೆ. ಈ ವಿಷಯ ಬಂದಾಗ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಭಾಷಣಗಳು ನಡೆಯುತ್ತವೆ. ಕಂಪ್ಯೂಟರ್ ಕಲಿತರೆ ನೌಕರಿ ಸಿಗುತ್ತದೆ ಎಂಬುದು ಒಂದು. ಮಕ್ಕಳು ಮೊಬೈಲಿನಲ್ಲಿ ಆಟ ಆಡಿ ಹಾಳಾಗುತ್ತಿದ್ದಾರೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ, ಎರಡನ್ನೂ ನೀವು ಸಾಕಷ್ಟು ಸಲ ಕೇಳಿದ್ದೀರಿ. ಆದ್ದರಿಂದ ನಾನು ಇವತ್ತು ಒಂದೇ ಒಂದು ಆಟವನ್ನು ತೆಗೆದುಕೊಂಡು, ಅದರಿಂದ ಒಬ್ಬ ಶಿಕ್ಷಕ ಏನು ಕಲಿಯಬಹುದು ಎಂಬುದನ್ನು ಹೇಳಬಯಸುತ್ತೇನೆ. ಆಟದ ಬಗ್ಗೆ ಭಾಷಣವೇ ಎಂದು ಹಿರಿಯರು ಹುಬ್ಬೇರಿಸಬಾರದು. ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕಾಗಿ ವಿನಂತಿ.

ಆ ಆಟದ ಹೆಸರು ‘ಮಿಸ್ಟ್’. ಪರದೆಯ ಮೇಲಿನ ಚಿತ್ರದಲ್ಲಿ ಬೇಕಾದ ಕಡೆ ಮೌಸ್‌ನಿಂದ ಕ್ಲಿಕ್ ಮಾಡುತ್ತಾ ಮುಂದೆ ಸಾಗುವ ಸಾಹಸ ಆಟಗಳಲ್ಲಿ ಇದು ಬಹಳ ಪ್ರಸಿದ್ಧವಾದದ್ದು. 1993ರ ಸೆಪ್ಟೆಂಬರ್ ತಿಂಗಳಲ್ಲಿ ಆಪಲ್ ಕಂಪನಿಯ ಮ್ಯಾಕಿಂಟೋಶ್ ಕಂಪ್ಯೂಟರ್‌ಗಾಗಿ ಇದು ಬಿಡುಗಡೆಯಾಯಿತು. ಇದನ್ನು ಮಾಡಿದವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ಬಳಿಯ ಇಬ್ಬರು ಅಣ್ಣತಮ್ಮಂದಿರು, ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್, ಹಾಗೂ ಅವರ ‘ಸಯಾನ್’ ಎಂಬ ಸಂಸ್ಥೆಯ ಕೆಲವೇ ಜನ. ಅದಕ್ಕೆ ಮುಂಚೆ ಅವರು ಚಿಕ್ಕ ಮಕ್ಕಳಿಗಾಗಿ ಆಟಗಳನ್ನು ಮಾಡುತ್ತಿದ್ದರು. ಮಿಸ್ಟ್ ಅರವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2002ರಲ್ಲಿ ‘ದ ಸಿಮ್ಸ್’ ಎಂಬ ಆಟ ಅದನ್ನು ಹಿಂದೆ ಹಾಕುವವರೆಗೆ, ಕಂಪ್ಯೂಟರ್ ಆಟಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾದದ್ದು ಇದೇ. 2012ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಸಂಗ್ರಹಕ್ಕೆ ಮೊದಲು ಆರಿಸಿಕೊಂಡ ಹದಿನಾಲ್ಕು ಆಟಗಳಲ್ಲಿ ಮಿಸ್ಟ್ ಕೂಡ ಒಂದು. 2021ರಲ್ಲಿ ಇಂದಿನ ಕಂಪ್ಯೂಟರ್‌ಗಳಿಗಾಗಿ ಅದನ್ನು ಹೊಸದಾಗಿ ಕಟ್ಟಿ ಮತ್ತೆ ಹೊರತಂದರು.

ನಾನು ಇದನ್ನು ಮೊದಲು ಆಡಿದ್ದು ಕಾಲೇಜಿನ ದಿನಗಳಲ್ಲಿ, ಯಾರೋ ಆಡಿ ಬಿಟ್ಟ ಒಂದು ಸಿ.ಡಿ.ಯಿಂದ. ಈಗ ಬಿ.ಎಡ್. ಮುಗಿಸಿ, ಹಲವು ವರ್ಷ ಪಾಠ ಮಾಡಿದ ಮೇಲೆ, ಕಳೆದ ಬೇಸಿಗೆ ರಜೆಯಲ್ಲಿ ಅದನ್ನು ಮೊದಲಿನಿಂದ ಮತ್ತೆ ಆಡಿದೆ. ಆಗ ಕಾಣದೇ ಇದ್ದದ್ದು ಈಗ ಶಿಕ್ಷಕನ ಕಣ್ಣಿಗೆ ಕಂಡಿತು.

ಮೊದಲು, ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳಿಗಾಗಿ ಈ ಆಟ ಹೇಗೆ ಕಟ್ಟಲ್ಪಟ್ಟಿತು ಎಂಬುದನ್ನು ಹೇಳುತ್ತೇನೆ. ಆಪಲ್ ಕಂಪನಿ 1987ರಲ್ಲಿ ‘ಹೈಪರ್‌ಕಾರ್ಡ್’ ಎಂಬ ತಂತ್ರಾಂಶವನ್ನು ಹೊರತಂದಿತ್ತು. ಕಾರ್ಡುಗಳ ಒಂದು ಕಟ್ಟು ಇದೆ ಎಂದುಕೊಳ್ಳಿ. ಒಂದೊಂದು ಕಾರ್ಡಿನ ಮೇಲೆ ಒಂದೊಂದು ಚಿತ್ರ. ಚಿತ್ರದಲ್ಲಿರುವ ಬಾಗಿಲಿನ ಮೇಲೆ ಕ್ಲಿಕ್ ಮಾಡಿದರೆ ಬಾಗಿಲಿನ ಆಚೆಯ ಕೋಣೆಯಿರುವ ಕಾರ್ಡು ಎದುರಿಗೆ ಬರುತ್ತದೆ. ಇವತ್ತು ನಾವು ಅಂತರ್ಜಾಲದಲ್ಲಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವುದೂ ಹೆಚ್ಚುಕಡಿಮೆ ಇದೇ ರೀತಿ. ಮಿಲ್ಲರ್ ಸಹೋದರರ ತಂಡ ಸುಮಾರು 2,500 ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ತಯಾರಿಸಿ ಹೀಗೆ ಒಂದಕ್ಕೊಂದು ಜೋಡಿಸಿತು. ಅವರ ಬಳಿ ದೊಡ್ಡ ಸ್ಟುಡಿಯೋ ಇರಲಿಲ್ಲ. ಕಥೆಯ ಪಾತ್ರಗಳನ್ನು ಅಣ್ಣತಮ್ಮಂದಿರೇ ಅಭಿನಯಿಸಿದರು. ಸಂಗೀತವನ್ನು ರಾಬಿನ್ ಅವರೇ ರಚಿಸಿದರು. ಬಾಯ್ಲರಿನಲ್ಲಿ ಬೆಂಕಿ ಉರಿಯುವ ಸದ್ದು ಬೇಕಾಗಿತ್ತು. ನಿಜವಾದ ಬೆಂಕಿಯ ಸದ್ದು ಸರಿಹೊಂದಲಿಲ್ಲ. ಆಗ ಕಲ್ಲು ಹರಡಿದ ದಾರಿಯ ಮೇಲೆ ನಿಧಾನವಾಗಿ ಕಾರು ಓಡಿಸಿ, ಆ ಸದ್ದನ್ನು ಬೆಂಕಿಯ ಸದ್ದಾಗಿ ಬಳಸಿದರು. ಸೌಲಭ್ಯವಿಲ್ಲ ಎಂದು ಕೈಚೆಲ್ಲುವ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ಈಗ ಆಟದೊಳಗೆ ಬರೋಣ. ಒಂದು ಪುಸ್ತಕವನ್ನು ತೆರೆದು ಅದರ ಪುಟದ ಮೇಲೆ ಕೈಯಿಟ್ಟ ಕೂಡಲೇ ನೀವು ಒಂದು ದ್ವೀಪದ ದಡದಲ್ಲಿ ನಿಂತಿರುತ್ತೀರಿ. ಸುತ್ತ ನೀರು. ಅರ್ಧ ಮುಳುಗಿದ ಒಂದು ಹಡಗು, ಒಂದು ರಾಕೆಟ್, ಗಡಿಯಾರದ ಗೋಪುರ, ಮಧ್ಯದಲ್ಲಿ ಒಂದು ಗ್ರಂಥಾಲಯ. ಅಲ್ಲಿ ಒಬ್ಬ ಮನುಷ್ಯನೂ ಇಲ್ಲ. ಏನು ಮಾಡಬೇಕೆಂದು ಹೇಳುವವರಿಲ್ಲ. ಅಂಕಗಳಿಲ್ಲ, ಸಮಯದ ಮಿತಿ ಇಲ್ಲ, ಕೊಲ್ಲಬೇಕಾದ ಶತ್ರುವಿಲ್ಲ. ಅದೇ 1993ರ ಡಿಸೆಂಬರ್‌ನಲ್ಲಿ ಬಂದೂಕು ಹಿಡಿದು ಓಡುವ ‘ಡೂಮ್’ ಎಂಬ ಆಟವೂ ಬಂತು. ಎರಡೂ ಜಗತ್ಪ್ರಸಿದ್ಧವಾದವು. ಒಂದರಲ್ಲಿ ಬೆರಳು ಚುರುಕಾಗಿದ್ದರೆ ಸಾಕು. ಇನ್ನೊಂದರಲ್ಲಿ ಸುಮ್ಮನೆ ನಿಂತು ನೋಡಲು ಬರಬೇಕು.

ಉರ್ದು ಮೇಷ್ಟ್ರಾದ ನನಗೆ ಇಲ್ಲಿ ನಮ್ಮ ಹಳೆಯ ದಾಸ್ತಾನ್‌ಗಳ ನೆನಪಾಗುತ್ತದೆ. ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ 1883ರಿಂದ ಸಂಪುಟ ಸಂಪುಟವಾಗಿ ಹೊರಬಂದ ‘ತಿಲಿಸ್ಮ್-ಎ-ಹೋಶ್‌ರುಬಾ’ದ ಹೆಸರನ್ನು ಉರ್ದು ಓದುವ ಮಕ್ಕಳು ಕೇಳಿರುತ್ತೀರಿ. ಮುಹಮ್ಮದ್ ಹುಸೇನ್ ಜಾಹ್ ಅದನ್ನು ಆರಂಭಿಸಿದರು, ಅಹಮದ್ ಹುಸೇನ್ ಕಮರ್ ಮುಂದುವರಿಸಿದರು. ತಿಲಿಸ್ಮ್ ಎಂದರೆ ಮಾಂತ್ರಿಕರು ಕಟ್ಟಿದ ಮಾಯಾಲೋಕ. ಅದರೊಳಗೆ ಸಿಕ್ಕಿಕೊಂಡವನಿಗೆ ದಾರಿ ತಿಳಿಯುವುದಿಲ್ಲ. ಅದನ್ನು ಮುರಿಯಲು ‘ಲೌಹ್’ ಎಂಬ ಒಂದು ಫಲಕ ಬೇಕು. ಲೌಹ್ ಕೈಗೆ ಸಿಕ್ಕಿದ ವೀರನಿಗೆ ಮುಂದೇನು ಮಾಡಬೇಕೆಂಬುದು ಅದರ ಮೇಲೆ ಬರೆದದ್ದು ಕಾಣುತ್ತದೆ. ಹಾಗೆ ಮಾಡಿದರೆ ತಿಲಿಸ್ಮ್ ಮುರಿಯುತ್ತದೆ.

ಮಿಸ್ಟ್ ಕೂಡ ಒಂದು ತಿಲಿಸ್ಮ್. ಆದರೆ ಅಲ್ಲಿ ಯಾರೂ ನಿಮ್ಮ ಕೈಗೆ ಬರೆದ ಲೌಹ್ ಕೊಡುವುದಿಲ್ಲ. 1993ರಲ್ಲಿ ಆಟದ ಪೆಟ್ಟಿಗೆಯೊಳಗೆ ಸಿ.ಡಿ.ಯ ಜೊತೆಗೆ ಒಂದು ನೋಟ್‌ಬುಕ್ ಇಟ್ಟಿರುತ್ತಿದ್ದರು. ಅದರ ಹಾಳೆಗಳು ಖಾಲಿ. ನೋಡಿದ್ದನ್ನು, ಕೇಳಿದ್ದನ್ನು ನೀವೇ ಬರೆದುಕೊಳ್ಳಬೇಕು. ನಿಮ್ಮ ಲೌಹ್ ಅನ್ನು ನೀವೇ ಬರೆಯಬೇಕು ಎಂಬುದು ಅದರ ಅರ್ಥ. ಬಂಧುಗಳೇ, ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಒಂದು ಉದಾಹರಣೆ ಕೊಡುತ್ತೇನೆ. ದ್ವೀಪದಿಂದ ನಾಲ್ಕು ಬೇರೆ ಬೇರೆ ಲೋಕಗಳಿಗೆ ಹೋಗಬಹುದು. ಒಂದು ಲೋಕದಲ್ಲಿ ತಿರುಗುವ ಒಂದು ಕೋಟೆಯಿದೆ. ಅದನ್ನು ತಿರುಗಿಸುವಾಗ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ದಿಕ್ಕುಗಳಿಗೆ ಒಂದೊಂದು ಬೇರೆ ಸದ್ದು ಕೇಳಿಸುತ್ತದೆ. ಇನ್ನೊಂದು ಲೋಕದಲ್ಲಿ ನೆಲದಡಿಯ ಹಳಿಗಳ ಮೇಲೆ ಗಾಡಿಯಲ್ಲಿ ಕೂತು ಹೋಗಬೇಕು. ಅದೊಂದು ಚಕ್ರವ್ಯೂಹ, ನಕ್ಷೆ ಇಲ್ಲ. ಆದರೆ ಗಾಡಿ ನಿಂತ ಕಡೆಯೆಲ್ಲ ಒಂದು ಸದ್ದು ಬರುತ್ತದೆ. ಮೊದಲ ಲೋಕದಲ್ಲಿ ಕಿವಿಗೊಟ್ಟು ಕೇಳಿ ಬರೆದುಕೊಂಡವನಿಗೆ ಮಾತ್ರ ಆ ಸದ್ದೇ ದಿಕ್ಕು ಎಂಬುದು ತಿಳಿಯುತ್ತದೆ. ಉಳಿದವರು ಕಂಡ ಕಂಡ ಕಡೆಗೆಲ್ಲ ಗಾಡಿ ಓಡಿಸಿ ಸುಸ್ತಾಗುತ್ತಾರೆ. ನಮ್ಮ ತರಗತಿಗಳಲ್ಲೂ ಹೀಗೇ ನಡೆಯುತ್ತದೆ. ಗಣಿತದ ಅವಧಿಯಲ್ಲಿ ಶೇಕಡಾವಾರು ಲೆಕ್ಕವನ್ನು ಸರಿಯಾಗಿ ಮಾಡುವ ಹುಡುಗ, ಸಮಾಜ ವಿಜ್ಞಾನದಲ್ಲಿ ಜನಗಣತಿಯ ಕೋಷ್ಟಕ ಬಂದಾಗ ಅದನ್ನು ಓದಲಾರ. ಒಂದು ಲೋಕದಲ್ಲಿ ಕಲಿತದ್ದನ್ನು ಇನ್ನೊಂದು ಲೋಕಕ್ಕೆ ಕೊಂಡೊಯ್ಯುವುದನ್ನು ನಾವು ಹೇಳಿಕೊಟ್ಟಿಲ್ಲ.

ಇನ್ನು ಕಥೆ. ದ್ವೀಪದ ಗ್ರಂಥಾಲಯದಲ್ಲಿ ಹೆಚ್ಚಿನ ಪುಸ್ತಕಗಳನ್ನು ಯಾರೋ ಸುಟ್ಟುಹಾಕಿದ್ದಾರೆ. ಏಟ್ರಸ್ ಎಂಬ ವಿದ್ವಾಂಸ ಬರೆದ ಪುಸ್ತಕಗಳು ಅವು. ಅವನಿಗೆ ಸಿರಸ್ ಮತ್ತು ಅಕೆನಾರ್ ಎಂಬ ಇಬ್ಬರು ಗಂಡುಮಕ್ಕಳು. ಒಬ್ಬ ಕೆಂಪು ಪುಸ್ತಕದಲ್ಲಿ, ಇನ್ನೊಬ್ಬ ನೀಲಿ ಪುಸ್ತಕದಲ್ಲಿ ಸೆರೆಯಾಗಿದ್ದಾನೆ. ಕಳೆದುಹೋದ ಹಾಳೆಗಳನ್ನು ನೀವು ತಂದು ಸೇರಿಸಿದ ಹಾಗೆಲ್ಲ ಅವರ ಮುಖ, ಮಾತು ಸ್ಪಷ್ಟವಾಗುತ್ತದೆ. ಇಬ್ಬರೂ ಹೇಳುವುದು ಒಂದೇ: ತಪ್ಪೆಲ್ಲ ಅವನದು, ನನ್ನನ್ನು ಬಿಡಿಸು. ತಂದೆಗೆ ಒಬ್ಬ ಮಗನ ಮೇಲೆ ಅನುಮಾನವಿದೆ. ಆದರೂ ತಾಯಿಗೆ ಬಿಟ್ಟುಹೋದ ಸಂದೇಶದಲ್ಲಿ, ಅವಸರದಿಂದ ತೀರ್ಮಾನಕ್ಕೆ ಬರಬಾರದು ಎಂದು ತನಗೆ ತಾನೇ ಎಚ್ಚರ ಹೇಳಿಕೊಳ್ಳುತ್ತಾನೆ.

ಹಾಗಾದರೆ ಯಾರನ್ನು ನಂಬುವುದು? ಉರ್ದುವಿನಲ್ಲಿ ‘ತಹಕೀಕ್’ ಎಂಬ ಶಬ್ದವಿದೆ. ‘ಹಕ್’ ಅಂದರೆ ಸತ್ಯ. ಅದೇ ಧಾತುವಿನಿಂದ ಬಂದ ತಹಕೀಕ್ ಅಂದರೆ ಸತ್ಯವನ್ನು ವಿಚಾರಿಸಿ ಖಚಿತಪಡಿಸಿಕೊಳ್ಳುವುದು. ಈ ಆಟದಲ್ಲಿ ತಹಕೀಕ್ ಮಾಡಲು ಅವಕಾಶವಿದೆ. ನಾಲ್ಕರಲ್ಲಿ ಮೂರು ಲೋಕಗಳಲ್ಲಿ ಆ ಇಬ್ಬರು ಅಣ್ಣತಮ್ಮಂದಿರ ಕೋಣೆಗಳಿವೆ. ಬಾಯಿ ಏನು ಹೇಳುತ್ತದೆ, ಕೋಣೆ ಏನು ಹೇಳುತ್ತದೆ ಎಂದು ತಾಳೆ ನೋಡಬಹುದು. ಈ ಆಟದಲ್ಲಿ ಎಡವಿದ್ದಕ್ಕೆ, ತಡಮಾಡಿದ್ದಕ್ಕೆ ಯಾವ ದಂಡವೂ ಇಲ್ಲ. ವಿಚಾರಿಸದೆ ನಂಬಿದ್ದಕ್ಕೆ, ಸಿದ್ಧತೆಯಿಲ್ಲದೆ ಹೊರಟದ್ದಕ್ಕೆ ಮಾತ್ರ ಶಿಕ್ಷೆಯಿದೆ. ಆಗ ಸೆರೆಯಾಗುವವರು ನೀವೇ. ಮೊಬೈಲಿಗೆ ಬಂದ ಸುದ್ದಿಯನ್ನು ಓದದೆಯೇ ಹತ್ತು ಗುಂಪುಗಳಿಗೆ ಕಳಿಸುವ ಈ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳಿಗೆ ಕೆಲವು ಶನಿವಾರ ಈ ಆಟವನ್ನು ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಮೌಸ್ ಮಕ್ಕಳ ಕೈಯಲ್ಲಿ, ನಾನು ಹಿಂದಿನ ಬೆಂಚಿನಲ್ಲಿ. ಹುಡುಗರು ಕೂಡಲೇ ಸಿರಸ್‌ನ ಪಕ್ಷ ಹಿಡಿದರು. ಅವನು ಮರ್ಯಾದೆಯಿಂದ ಮಾತಾಡುತ್ತಾನೆ ಎಂಬುದು ಅವರ ಕಾರಣ. ಆಗ ಯಾವಾಗಲೂ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಇಬ್ಬರೂ ಇನ್ನೊಬ್ಬನ ಬಗ್ಗೆಯೇ ಹೇಳ್ತಾರೆ. ತಾನೇನು ಮಾಡಿದೆ ಅಂತ ಒಬ್ಬನೂ ಹೇಳೋದಿಲ್ಲ” ಎಂದಳು. ತರಗತಿ ನಿಶ್ಶಬ್ದವಾಯಿತು. ನನ್ನ ಹತ್ತು ಪಾಠಗಳಿಂದ ಆಗದ ಕೆಲಸ ಅವಳ ಒಂದು ಮಾತಿನಿಂದ ಆಯಿತು.

ಮೂರನೆಯ ಶನಿವಾರ ಎಲ್ಲರೂ ಒಂದು ಕಡೆ ಸಿಕ್ಕಿಕೊಂಡರು. ಒಬ್ಬ ಹುಡುಗ, “ಸರ್, ಮೊಬೈಲಿನಲ್ಲಿ ನೋಡಿದರೆ ಉತ್ತರ ಸಿಗುತ್ತೆ” ಎಂದ. ಅವನ ಮಾತು ನಿಜ. ಈ ಆಟದ ಎಲ್ಲ ಉತ್ತರಗಳೂ ಅಂತರ್ಜಾಲದಲ್ಲಿವೆ. ನೀವೇ ತೀರ್ಮಾನಿಸಿ ಎಂದೆ. ಕೈ ಎತ್ತಿಸಿ ನೋಡಿದಾಗ ಇನ್ನೆರಡು ವಾರ ತಾವೇ ಪ್ರಯತ್ನಿಸುತ್ತೇವೆ ಎಂದವರೇ ಹೆಚ್ಚಾಗಿದ್ದರು. ಎರಡನೆಯ ವಾರ ದಾರಿ ಸಿಕ್ಕಿತು. ಸಿಕ್ಕಿದ್ದು ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ, ಮೊದಲ ದಿನವೇ ಅವನು ಮೂಲೆಯಲ್ಲಿ ಬರೆದಿಟ್ಟುಕೊಂಡಿದ್ದ ಒಂದು ಚಿತ್ರದಿಂದ. ಅವತ್ತು ಅವರು ಹಾಕಿದ ಕೂಗಿಗೆ ಪಕ್ಕದ ತರಗತಿಯ ಶಿಕ್ಷಕಿ ಓಡಿಬಂದರು.

ಆಟದಲ್ಲಿ ಕೊರತೆಗಳಿಲ್ಲವೆಂದಲ್ಲ. ಹಳೆಯ ಆವೃತ್ತಿಯ ಚಿತ್ರಗಳು ಇವತ್ತಿನ ಮಕ್ಕಳಿಗೆ ನಿರ್ಜೀವವಾಗಿ ಕಾಣುತ್ತವೆ. ತಾಯಿ ಕ್ಯಾಥರೀನ್ ಇಲ್ಲಿ ಬರೀ ಒಂದು ಹೆಸರು. ಅವಳನ್ನು ನೋಡಲು 1997ರಲ್ಲಿ ಬಂದ ಮುಂದಿನ ಆಟ ‘ರಿವನ್’ಗೆ ಹೋಗಬೇಕು. ಪುಸ್ತಕಗಳನ್ನು ಸುಟ್ಟ ಸಂಗತಿಯಲ್ಲಿ ತಾಯಿಯ ಮಾತೇ ಕೇಳಿಸದಿರುವುದು ಕಥೆಯ ದೊಡ್ಡ ಕೊರತೆ. ಅಕೆನಾರ್‌ನ ಕೋಣೆಗಳು ಚಿಕ್ಕ ಮಕ್ಕಳನ್ನು ಹೆದರಿಸುತ್ತವೆ. ಎಂಟನೇ ತರಗತಿ ದಾಟಿದವರಿಗೆ ಮಾತ್ರ ಕೊಡುವುದು ಒಳ್ಳೆಯದು. ಆಟದೊಳಗಿನ ಪತ್ರಗಳೂ ದಿನಚರಿಗಳೂ ಉದ್ದವಾದ ಇಂಗ್ಲಿಷಿನಲ್ಲಿವೆ. ನಮ್ಮ ಉರ್ದು ಮತ್ತು ಕನ್ನಡ ಮಾಧ್ಯಮದ ಮಕ್ಕಳು ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು. ಇದನ್ನು ನಾನು ಕೊರತೆ ಎಂದು ಪೂರ್ತಿ ಒಪ್ಪುವುದಿಲ್ಲ. ಪರೀಕ್ಷೆಗಾಗಿ ಇಂಗ್ಲಿಷ್ ಪದಗಳ ಅರ್ಥವನ್ನು ಬಾಯಿಪಾಠ ಮಾಡಲು ಬೇಸರಪಡುವ ಮಕ್ಕಳು, ಬಾಗಿಲು ತೆರೆಯಬೇಕೆಂಬ ಕಾರಣಕ್ಕೆ ನಿಘಂಟಿಗಾಗಿ ಜಗಳವಾಡಿದ್ದನ್ನು ನಾನು ನೋಡಿದ್ದೇನೆ.

ಮಕ್ಕಳೇ, ಇವತ್ತು ನಿಮ್ಮ ಸುತ್ತ ಬರೆದಿಟ್ಟ ಲೌಹ್‌ಗಳಿಗೆ ಬರವಿಲ್ಲ. ಎಸ್.ಎಸ್.ಎಲ್.ಸಿ. ಗೈಡ್ ಇದೆ, ಪ್ರಶ್ನೋತ್ತರ ಮಾಲೆ ಇದೆ, ಮೊಬೈಲಿನಲ್ಲಿ ಕೇಳಿದ ಕ್ಷಣವೇ ಪೂರ್ತಿ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳೂ ಇವೆ. ಅವನ್ನೆಲ್ಲ ಬಿಸಾಡಿ ಎಂದು ನಾನು ಹೇಳಲಾರೆ. ಹೇಳಿದರೆ ನೀವು ಕೇಳುವುದೂ ಇಲ್ಲ. ಆದರೆ ಒಂದು ಮಾತು ನೆನಪಿಡಿ. ಗೈಡಿನಲ್ಲಿ ಇಲ್ಲದ ಪ್ರಶ್ನೆ ಪರೀಕ್ಷೆಯಲ್ಲಿ ಬಾರದೆ ಇರಬಹುದು, ಬದುಕಿನಲ್ಲಿ ಬಂದೇ ಬರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ಮೊದಲಿಗರು ನೀವು. ಯಾವ ಕೋರ್ಸ್ ಸೇರಬೇಕು, ಯಾವ ಅರ್ಜಿಗೆ ಯಾವ ದಾಖಲೆ ಬೇಕು, ಸವಿಮಾತಾಡುವ ಯಾವ ಏಜೆಂಟನನ್ನು ನಂಬಬಾರದು ಎಂದು ಹೇಳಲು ಮನೆಯಲ್ಲಿ ಅನುಭವಿಗಳಿಲ್ಲ. ದಡದಲ್ಲಿ ನೀವು ಒಬ್ಬರೇ ನಿಂತಿರುತ್ತೀರಿ. ಆಗ ನೋಡುವುದು, ಬರೆದುಕೊಳ್ಳುವುದು, ತಾಳೆ ಹಾಕುವುದು, ಉತ್ತರ ಸಿಗದ ಎರಡು ವಾರಗಳನ್ನು ಸಬ್ರ್‌ನಿಂದ ಕಳೆಯುವುದು, ಇವೇ ನಿಮ್ಮ ಕೈಹಿಡಿಯುತ್ತವೆ. ಈಗ ಇದನ್ನು ಅಭ್ಯಾಸ ಮಾಡದಿದ್ದರೆ ಆಗ ಬರುವುದಿಲ್ಲ.

ಸಂಘದ ಹಿರಿಯರಲ್ಲಿ ನನ್ನದೊಂದು ಸಣ್ಣ ಕೋರಿಕೆ. ನಮ್ಮ ವಾಚನಾಲಯದಲ್ಲಿ ಒಂದು ಕಂಪ್ಯೂಟರನ್ನು ಇಂಥ ಆಟಗಳಿಗಾಗಿ ಮೀಸಲಿಡಿ. ವಾರಕ್ಕೆ ಒಂದು ದಿನ ಸಾಕು. ಮೂರು ಮೂರು ಮಕ್ಕಳು ಒಟ್ಟಿಗೆ ಕೂರಲಿ, ಪ್ರತಿಯೊಬ್ಬರ ಕೈಯಲ್ಲೂ ಒಂದು ಇನ್ನೂರು ಪುಟದ ನೋಟ್‌ಬುಕ್ ಇರಲಿ. ಪೋಷಕರಲ್ಲೂ ಒಂದು ಮಾತು: ಮಗ ಅಥವಾ ಮಗಳು ಕಂಪ್ಯೂಟರಿನ ಮುಂದೆ ಕೂತಾಗ, ಎಷ್ಟು ಹೊತ್ತು ಕೂತಿದ್ದಾರೆ ಎಂದು ನೋಡುವ ಜೊತೆಗೆ, ಏನು ಬರೆದುಕೊಂಡಿದ್ದಾರೆ ಎಂದೂ ಒಮ್ಮೆ ಕೇಳಿ.

ಕೊನೆಗೆ ಆ ಇಬ್ಬರು ಅಣ್ಣತಮ್ಮಂದಿರಲ್ಲಿ ಸತ್ಯ ಯಾರ ಕಡೆಗಿತ್ತು ಎಂದು ಕೇಳಬೇಡಿ. ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಕಟ್ಟಕಡೆಗೆ ನಿಮಗೆ ಬೇಕಾಗುವ ಒಂದು ಹಾಳೆ ಇದೆ. ಆಟದ ಮೊದಲ ಗಂಟೆಯಲ್ಲೇ ನೀವು ಅದರ ಪಕ್ಕದಲ್ಲಿ ಹಾದುಹೋಗಿರುತ್ತೀರಿ.