ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತೇ?

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಕಂಪ್ಯೂಟರ್ ಲೋಕದ ಸಾಧನೆಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಯವರು ಕೇಳಿಕೊಂಡಿದ್ದರು. ಆದರೆ ಸಾಧನೆಗಳ ಬಗ್ಗೆ ಹೇಳುವುದಕ್ಕೆ ಕಂಪೆನಿಗಳು ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿವೆ. ಎಡವಟ್ಟುಗಳ ಬಗ್ಗೆ ಹೇಳುವುದಕ್ಕೆ ಯಾರನ್ನೂ ಇಟ್ಟುಕೊಂಡಿಲ್ಲ. ಆ ಕೆಲಸವನ್ನು ಇಂದು ನಾನು ಪುಕ್ಕಟೆಯಾಗಿ ಮಾಡುತ್ತೇನೆ.

ಮೊದಲನೆಯದು ಹಣ್ಣಿನ ರಸದ ಕಥೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜ್ಯೂಸೆರೋ ಎಂಬ ಸ್ಟಾರ್ಟಪ್ ಇತ್ತು. ಹೂಡಿಕೆದಾರರು ಅದಕ್ಕೆ ಸುಮಾರು 12 ಕೋಟಿ ಡಾಲರ್ ಸುರಿದರು. 2016ರಲ್ಲಿ ಅದು ಮಾರುಕಟ್ಟೆಗೆ ತಂದ ಯಂತ್ರದ ಬೆಲೆ 699 ಡಾಲರ್. ಅಂದಿನ ಲೆಕ್ಕದಲ್ಲಿ 40 ಸಾವಿರ ರೂಪಾಯಿಗೂ ಮೇಲೆ. ಹೆಚ್ಚಿದ ಹಣ್ಣು ತರಕಾರಿ ತುಂಬಿದ ಪೊಟ್ಟಣವನ್ನೂ ಕಂಪೆನಿಯೇ ಮಾರುತ್ತಿತ್ತು. ಯಂತ್ರದೊಳಗೆ ಅದನ್ನು ಇಟ್ಟರೆ ಹಿಂಡಿ ರಸ ಕೊಡುತ್ತಿತ್ತು. ಯಂತ್ರಕ್ಕೆ ವೈಫೈ ಬೇರೆ! 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆಯ ಪತ್ರಕರ್ತರು ಆ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿ ನೋಡಿದರು. ಹೆಚ್ಚುಕಡಿಮೆ ಅಷ್ಟೇ ರಸ, ಅಷ್ಟೇ ಬೇಗ ಬಂತು. ಅದೇ ಸೆಪ್ಟೆಂಬರಿನಲ್ಲಿ ಕಂಪೆನಿ ಬಾಗಿಲು ಹಾಕಿತು. ನಮ್ಮ ಬಸ್ ನಿಲ್ದಾಣದ ಬಳಿ ಕಬ್ಬಿನ ಹಾಲು ಮಾರುವವರಿಗೆ ಈ ಕಥೆ ಹೇಳಿದೆ. ಅವರು ಗಾಣ ತಿರುಗಿಸುತ್ತಲೇ ಹೇಳಿದರು: "ಅವರು ಹಿಂಡಿದ್ದು ಹಣ್ಣನ್ನಲ್ಲ ಸಾರ್, ಹಣ ಇದ್ದವರನ್ನು."

ಎರಡನೆಯದು ಅಳತೆಯ ಕಥೆ. ನಮ್ಮಲ್ಲಿ ಘಟ್ಟದ ಮೇಲಿನವರು ಜಮೀನನ್ನು ಗುಂಟೆಯಲ್ಲಿ ಹೇಳುತ್ತಾರೆ, ಕರಾವಳಿಯವರು ಸೆಂಟ್ಸಿನಲ್ಲಿ ಹೇಳುತ್ತಾರೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಮದುವೆ ಮಾತುಕತೆಯಲ್ಲಿ "ಹುಡುಗನಿಗೆ ನಲವತ್ತು ಇದೆ" ಎಂದು ಯಾರಾದರೂ ಹೇಳಿದರೆ, "ಗುಂಟೆಯೋ ಸೆಂಟ್ಸೋ?" ಎಂದು ಹೆಣ್ಣಿನ ಕಡೆಯ ಅಜ್ಜಿ ಕೇಳಿಯೇ ಕೇಳುತ್ತಾರೆ. 1999ರಲ್ಲಿ ನಾಸಾಕ್ಕೆ ಅಂಥ ಅಜ್ಜಿಯೊಬ್ಬರ ಕೊರತೆ ಇತ್ತು. ಮಂಗಳ ಗ್ರಹಕ್ಕೆ ಕಳಿಸಿದ ನೌಕೆಯ ಲೆಕ್ಕವನ್ನು ಗುತ್ತಿಗೆ ಕಂಪೆನಿಯ ಸಾಫ್ಟ್‌ವೇರ್ ಪೌಂಡಿನಲ್ಲಿ ಕೊಟ್ಟಿತು. ನಾಸಾದ ಸಾಫ್ಟ್‌ವೇರ್ ಅದನ್ನು ಮೆಟ್ರಿಕ್ ಅಳತೆಯ ನ್ಯೂಟನ್ ಎಂದುಕೊಂಡಿತು. ಸೆಪ್ಟೆಂಬರ್ 23ರಂದು ನೌಕೆ ಮಂಗಳನಿಗೆ ಅತಿ ಹತ್ತಿರ ಹೋಗಿ ನಾಶವಾಯಿತು.

ಮೂರನೆಯದು ನಿಮಗೆಲ್ಲ ನೆನಪಿರುವಂಥದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿ ಒಂದು ಅಪ್‌ಡೇಟ್ ಕಳಿಸಿತು. ಕಂಪ್ಯೂಟರುಗಳನ್ನು ದುಷ್ಟರಿಂದ ಕಾಯುವುದೇ ಅದರ ಉದ್ಯೋಗ. ಆ ಒಂದು ಅಪ್‌ಡೇಟಿಗೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಾರಣ ಏನೆಂದರೆ, ಪ್ರೋಗ್ರಾಮು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಅದಕ್ಕೆ ಸಿಕ್ಕಿದ್ದು 20. ಇಪ್ಪತ್ತೊಂದನೆಯದನ್ನು ಹುಡುಕುತ್ತಾ ಹೋಗಿ ಹೊಂಡಕ್ಕೆ ಬಿತ್ತು. ಊಟಕ್ಕೆ ಎಷ್ಟು ಜನ ಬರುತ್ತಾರೆಂದು ಎಣಿಸಿ ಎಲೆ ಹಾಕುವ ನಮ್ಮ ಸ್ವಯಂಸೇವಕರು ಈ ತಪ್ಪು ಮಾಡುವುದಿಲ್ಲ.

ನೀವು ನಗುತ್ತಿದ್ದೀರಿ. ನಗಬಹುದು. ಆದರೆ ಈ ಕೊನೆಯ ಎರಡು ಕಥೆಗಳಲ್ಲಿ ಒಂದು ಒಳ್ಳೆಯ ಅಂಶವಿದೆ, ಅದನ್ನು ಗಮನಿಸಿ. 21 ಮತ್ತು 20ರ ವಿಷಯ ನಮಗೆ ಗೊತ್ತಾದದ್ದು ಹೇಗೆ? ಆ ಕಂಪೆನಿಯೇ ಕೆಲವೇ ವಾರಗಳಲ್ಲಿ ವರದಿ ಬರೆದು ಪ್ರಕಟಿಸಿತು. ನಾಸಾ ಕೂಡ 1999ರ ನವೆಂಬರಿನಲ್ಲೇ ತನಿಖಾ ವರದಿಯನ್ನು ಹೊರಗಿಟ್ಟಿತು. ಎಡವಿದವರು ಎಲ್ಲಿ ಎಡವಿದೆವೆಂದು ಕಲ್ಲನ್ನು ತೋರಿಸಿದರು. ಹಿಂದೆ ಬರುವವರಿಗೆ ಅದರಿಂದ ಉಪಕಾರವಾಯಿತು.

ಈಗ ಹೇಳುವ ಕಥೆಗೆ ನಗು ಬರುವುದಿಲ್ಲ.

1999ರಿಂದ ಬ್ರಿಟನ್ನಿನ ಅಂಚೆ ಕಚೇರಿಗಳಿಗೆ ಹೊರೈಝನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅದನ್ನು ಒದಗಿಸಿದ್ದು ಫುಜಿತ್ಸು ಕಂಪೆನಿ. ಅಲ್ಲಿ ಹಳ್ಳಿಗಳ, ಬಡಾವಣೆಗಳ ಅಂಚೆ ಕಚೇರಿಯನ್ನು ಕರಾರಿನ ಮೇಲೆ ಅಂಗಡಿಯಂತೆ ನಡೆಸುವವರಿಗೆ ಸಬ್ ಪೋಸ್ಟ್‌ಮಾಸ್ಟರ್ ಎನ್ನುತ್ತಾರೆ. ಭಾರತೀಯ ಮೂಲದವರೂ ಅವರಲ್ಲಿ ಬಹಳ ಜನ ಇದ್ದರು. ಸಂಜೆ ಲೆಕ್ಕ ಮುಗಿಸುವಾಗ ಪೆಟ್ಟಿಗೆಯಲ್ಲಿ ಇರಬೇಕಾದ ಹಣ ಇಲ್ಲವೆಂದು ಪರದೆ ತೋರಿಸತೊಡಗಿತು. ಒಂದು ಉದಾಹರಣೆ ಹೇಳುತ್ತೇನೆ. 2015ರಲ್ಲಿ ಒಂದು ಕಚೇರಿಯಲ್ಲಿ 8,000 ಪೌಂಡ್ ಜಮಾ ಮಾಡುವಾಗ ಪರದೆ ಸ್ತಬ್ಧವಾಯಿತು. ಅವರು ಮತ್ತೆ ಮತ್ತೆ ಎಂಟರ್ ಒತ್ತಿದರು. ಸಾಫ್ಟ್‌ವೇರ್ ಒತ್ತಿದಷ್ಟು ಸಲವೂ ಜಮಾ ಬರೆದುಕೊಂಡಿತು. ಕೊನೆಗೆ 24,000 ಪೌಂಡ್ ಕೊರತೆ! ಪರದೆ ನಿಂತಾಗ ಎಂಟರ್ ಒತ್ತದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ.

ಜನ ಸಹಾಯವಾಣಿಗೆ ಫೋನ್ ಮಾಡಿದರು. "ಇಂಥ ತೊಂದರೆ ನಿಮಗೊಬ್ಬರಿಗೇ ಆಗಿರುವುದು" ಎಂದು ಎಷ್ಟೋ ಜನರಿಗೆ ಉತ್ತರ ಬಂತು. ಕೊರತೆಯನ್ನು ನೀವೇ ತುಂಬಿಕೊಡಿ ಎಂದು ಅಂಚೆ ಸಂಸ್ಥೆ ಪಟ್ಟು ಹಿಡಿಯಿತು. ಕೆಲವರು ಸಾಲ ಮಾಡಿ ತುಂಬಿದರು, ಕೆಲವರು ಮನೆ ಕಳೆದುಕೊಂಡರು. ತುಂಬಲಾಗದವರ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಮೊಕದ್ದಮೆ ಬಿತ್ತು. ಆ ಕಾಲದ ಇಂಗ್ಲೆಂಡಿನ ಕಾನೂನಿನ ಪ್ರಕಾರ ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತೆಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆನ್ನುವವರೇ ಅದಕ್ಕೆ ಆಧಾರ ಕೊಡಬೇಕು. ಹಳ್ಳಿಯ ಅಂಚೆಯವರು ಎಲ್ಲಿಂದ ಆಧಾರ ತಂದಾರು? 2010ರ ನವೆಂಬರಿನಲ್ಲಿ ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಮಹಿಳೆಗೆ 74 ಸಾವಿರ ಪೌಂಡ್ ಕದ್ದರೆಂದು 15 ತಿಂಗಳ ಸೆರೆವಾಸ ವಿಧಿಸಲಾಯಿತು. ಆಗ ಅವರು ಎಂಟು ವಾರದ ಗರ್ಭಿಣಿ. ಅಂದು ಅವರ ಮಗನ ಹತ್ತನೆಯ ಹುಟ್ಟುಹಬ್ಬ.

1999ರಿಂದ 2015ರವರೆಗೆ ಹೀಗೆ ಶಿಕ್ಷೆಗೊಳಗಾದವರು 900ಕ್ಕೂ ಹೆಚ್ಚು. ಅಲನ್ ಬೇಟ್ಸ್ ಎಂಬ ಒಬ್ಬ ಸಬ್ ಪೋಸ್ಟ್‌ಮಾಸ್ಟರ್ ಹಟ ಬಿಡದೆ ಇವರಲ್ಲಿ ಹಲವರನ್ನು ಹುಡುಕಿ ಒಟ್ಟುಗೂಡಿಸಿದರು. "ನಿಮಗೊಬ್ಬರಿಗೇ" ಎನ್ನಿಸಿಕೊಂಡವರು 555 ಜನ ಸೇರಿ ದಾವೆ ಹೂಡಿದರು. 2019ರ ಡಿಸೆಂಬರಿನಲ್ಲಿ ಸಾಫ್ಟ್‌ವೇರಿನಲ್ಲೇ ದೋಷಗಳಿದ್ದವೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಸೀಮಾ ಮಿಶ್ರಾ ಸೇರಿದಂತೆ 39 ಜನರ ಶಿಕ್ಷೆ ರದ್ದಾಯಿತು. ಉಳಿದವರಿಗಾಗಿ 2024ರಲ್ಲಿ ಸಂಸತ್ತು ಕಾನೂನನ್ನೇ ತರಬೇಕಾಯಿತು. ಈ ಹಗರಣದಿಂದಾಗಿ 13 ಮಂದಿಯಾದರೂ ಪ್ರಾಣ ಕಳೆದುಕೊಂಡಿರಬಹುದೆಂದು 2025ರ ಜುಲೈನಲ್ಲಿ ಬಂದ ವಿಚಾರಣಾ ವರದಿ ಹೇಳಿತು.

ಮಿತ್ರರೇ, ಲೆಕ್ಕ ತಪ್ಪುವುದು ನಾಸಾದಲ್ಲೂ ಆಯಿತು, ಅಂಚೆಯಲ್ಲೂ ಆಯಿತು. ನಾಸಾದವರು "ತಪ್ಪು ನಮ್ಮದು" ಎಂದರು. ಅಂಚೆಯವರು "ಕಂಪ್ಯೂಟರ್ ಹೀಗೆ ಹೇಳುತ್ತಿದೆ" ಎಂದರು. ಅಲ್ಲಿ ಹೋದದ್ದು ಒಂದು ನೌಕೆ. ಇಲ್ಲಿ ಹೋದದ್ದು ಮನುಷ್ಯರ ಮಾನ, ಪ್ರಾಣ.

ಅಲ್ಗಾರಿದಮ್ ಎಂಬ ಪದ 9ನೇ ಶತಮಾನದ ಬಾಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿ ಅವರ ಹೆಸರಿನಿಂದ ಬಂತೆಂದು ನಮ್ಮ ಪ್ರತಿಯೊಂದು ಸಮಾರಂಭದಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ಈ ವರ್ಷ ನನ್ನ ಸರದಿ. ಆದರೆ ಅವರು ಬೀಜಗಣಿತದ ಪುಸ್ತಕ ಬರೆದದ್ದು ನಾವು ಹೆಮ್ಮೆಪಡಲಿ ಎಂದಲ್ಲ. ವಾರಸುದಾರರಿಗೆ ಆಸ್ತಿ ಹಂಚುವಾಗ, ವ್ಯಾಪಾರದಲ್ಲಿ, ಜಮೀನು ಅಳೆಯುವಲ್ಲಿ ಜನರಿಗೆ ಉಪಯೋಗವಾಗಲಿ ಎಂದು ಬರೆದರು. ಅಂಥ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಯಾರೋ ವಿಧವೆಯ ಪಾಲು, ಯಾರೋ ಅನಾಥ ಮಗುವಿನ ಪಾಲು ಕಡಿಮೆಯಾಗುತ್ತದೆ.

ಕೊನೆಯದಾಗಿ ನನ್ನದೇ ಒಂದು ಎಡವಟ್ಟು. ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡಲು ನಾವು ಕೆಲವರು ಪ್ರತಿವರ್ಷ ಮೇಜು ಹಾಕಿ ಕೂರುತ್ತೇವೆ. ನಮ್ಮ ಹುಡುಗರ ಹೆಸರುಗಳ ಕಷ್ಟ ನಿಮಗೆ ಗೊತ್ತು. ಮುಹಮ್ಮದ್ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು 'ಯು' ಹಾಕುತ್ತಾರೆ, ಇನ್ನೊಬ್ಬರು 'ಓ' ಹಾಕುತ್ತಾರೆ. 'ಎಂ' ಎಷ್ಟು ಬೇಕೆಂಬುದು ಬರೆಯುವವರ ಮರ್ಜಿ. ಅವಸರದವರು 'ಎಂ.ಡಿ.' ಎಂದು ಬರೆದು, ಒಂದನೇ ತರಗತಿಯ ಮಗುವನ್ನು ಡಾಕ್ಟರ್ ಮಾಡಿಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನ ಅರ್ಜಿ ತಿರಸ್ಕೃತವಾಯಿತು. ಹೆಸರು ತಾಳೆಯಾಗುತ್ತಿಲ್ಲ ಎಂದು ಪರದೆಯಲ್ಲಿ ಬಂತು. ಅವನ ತಂದೆ ಕೂಲಿ ಬಿಟ್ಟು ಬಂದಿದ್ದರು. "ಕಂಪ್ಯೂಟರ್ ತೆಗೆದುಕೊಳ್ಳುತ್ತಿಲ್ಲ, ನಾವೇನು ಮಾಡುವುದು?" ಎಂದು ಹೇಳಿ ಕಳಿಸಿದೆ. ಅವರು ಮರುಮಾತಾಡದೆ ಹೋದರು. ಕಂಪ್ಯೂಟರ್ ಹೇಳಿದ ಮೇಲೆ ಬಡವರು ಯಾರೊಡನೆ ವಾದಿಸುವುದು?

ಗಡುವು ಮುಗಿದ ಮೇಲೆ ಒಂದು ದಿನ ಹಳೆಯ ಕಾಗದಗಳನ್ನು ನೋಡುತ್ತಿದ್ದೆ. ಆಧಾರಿನಲ್ಲೂ ಅಂಕಪಟ್ಟಿಯಲ್ಲೂ ಅವನ ಹೆಸರು ಒಂದೇ ರೀತಿ ಇತ್ತು. ಬೇರೆಯಾಗಿದ್ದುದು ಅರ್ಜಿಯಲ್ಲಿ. ಟೈಪ್ ಮಾಡಿದವನು ನಾನೇ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅವರ ಮನೆಗೆ ಹೋಗಿ ಹೇಳಿದೆ. ಆ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಗ ತಪ್ಪು ಹೇಳಿದ್ದಾನೆ ಅಂತ ಅವನಿಗೆ ಬೈದುಬಿಟ್ಟೆ ಸಾರ್" ಎಂದರು. ಆ ವರ್ಷದ ಹಣ ಅವನಿಗೆ ಬರಲೇ ಇಲ್ಲ. ನನ್ನ ಕ್ಷಮೆಯಿಂದ ಅವನ ಫೀಸು ಕಟ್ಟಲಾಗಲಿಲ್ಲ. ಆದರೆ ಅವನು ತಂದೆಯ ಕಣ್ಣಿನಲ್ಲಿ ತಪ್ಪಿತಸ್ಥನಾಗಿ ಉಳಿಯಲಿಲ್ಲ, ಅಷ್ಟೇ.

ಅಂದಿನಿಂದ ನಮ್ಮ ಮೇಜಿನಲ್ಲಿ ಒಂದು ನಿಯಮವಿದೆ. ಅರ್ಜಿ ಕಳಿಸುವ ಮುನ್ನ ಇಬ್ಬರು ಓದಬೇಕು. ಅವರಲ್ಲಿ ಒಬ್ಬರು ಅರ್ಜಿದಾರನೇ ಆಗಿರಬೇಕು. ಈ ನಿಯಮಕ್ಕೆ 12 ಕೋಟಿ ಡಾಲರ್ ಬಂಡವಾಳ ಬೇಕಾಗಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಸಾಫ್ಟ್‌ವೇರ್ ಬರೆಯುವಿರಿ, ಕೆಲವರು ಅದರ ಮುಂದೆ ಕುಳಿತು ಜನರಿಗೆ ಉತ್ತರ ಕೊಡುವಿರಿ. ಬರೆಯುವವರು ತಪ್ಪು ಮಾಡುತ್ತೀರಿ, ಅದರಲ್ಲಿ ಅನುಮಾನ ಬೇಡ. ಮಾಡಿದಾಗ ಮೊದಲು ನೀವೇ ಹೇಳಿ. ಉತ್ತರ ಕೊಡುವವರು "ಕಂಪ್ಯೂಟರ್ ಹೀಗೆ ಹೇಳುತ್ತಿದೆ" ಎನ್ನುವ ಮೊದಲು ಒಂದು ಸಲ ಎದುರಿಗೆ ನಿಂತವರ ಮುಖ ನೋಡಿ, ಅವರ ಕಾಗದವನ್ನು ಕೈಗೆ ತೆಗೆದುಕೊಳ್ಳಿ. ಕಂಪ್ಯೂಟರಿಗೆ ಕೈಯೂ ಇಲ್ಲ, ನಾಚಿಕೆಯೂ ಇಲ್ಲ. ನಮಗೆ ಎರಡೂ ಇದೆ.