ರಾಗಿಯೂ ಉಸಿರಾಡುತ್ತದೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಕಲಿತ ಪಾಠಗಳಲ್ಲಿ ಒಂದನ್ನು ಮಾತ್ರ ಇಂದು ನೆನೆಯುತ್ತೇನೆ. ಅದು ವಾಯುವಿಕ ಉಸಿರಾಟದ ಪಾಠ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವಂಥದ್ದಲ್ಲ, ಜೀವ ಉಳಿಸುವಂಥದ್ದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡುತ್ತಿರಲಿಲ್ಲ. ಯಾಕೆ?

ರಾಗಿಕಾಳಿಗೂ ಜೀವವಿದೆ. ಅದರ ಜೀವಕೋಶಗಳು ಬಲು ನಿಧಾನವಾಗಿ ಉಸಿರಾಡುತ್ತವೆ. ಕೋಶ ಮೊದಲು ಗ್ಲೂಕೋಸನ್ನು ಒಡೆಯುತ್ತದೆ. ಆಮೇಲೆ ಮೈಟೋಕಾಂಡ್ರಿಯಾದಲ್ಲಿ ಆಮ್ಲಜನಕದ ನೆರವಿನಿಂದ ಅದರ ಶಕ್ತಿಯನ್ನು ಪೂರ್ತಿ ಹೊರತೆಗೆಯುತ್ತದೆ. ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಸಿಕ್ಕ ಶಕ್ತಿ ಎಟಿಪಿ ಎಂಬ ಅಣುಗಳಲ್ಲಿ ಸೇರುತ್ತದೆ. ಆಮ್ಲಜನಕವಿದ್ದರೆ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ. ಇಲ್ಲದಿದ್ದರೆ ಬರೀ 2.

ಮುಚ್ಚಿದ ಹಗೇವಿನಲ್ಲಿ ಕಾಳು, ಬೂಷ್ಟು, ಹುಳು ಎಲ್ಲವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತಾ ಬರುತ್ತವೆ. ಹುಳು ಸಾಯುತ್ತದೆ, ರಾಗಿ ಉಳಿಯುತ್ತದೆ. ಆದರೆ ರಾಗಿಯನ್ನು ಕಾಯ್ದ ಆ ಗಾಳಿಯೇ ಒಳಗಿಳಿದ ಮನುಷ್ಯನನ್ನು ಕೊಲ್ಲುತ್ತದೆ. ಓಡುವಾಗ ನಮ್ಮ ಕಾಲಿನ ಸ್ನಾಯು ಸ್ವಲ್ಪ ಹೊತ್ತು ಆ ಎರಡು ಎಟಿಪಿಯಲ್ಲೇ ಸುಧಾರಿಸಿಕೊಳ್ಳಬಲ್ಲದು. ಮಿದುಳಿಗೆ ಅದು ಸಾಧ್ಯವಿಲ್ಲ. ಕೆಲವೇ ನಿಮಿಷಗಳಲ್ಲಿ ಅದರ ಕೋಶಗಳು ಸಾಯತೊಡಗುತ್ತವೆ. ಅದಕ್ಕೇ ಹಿರಿಯರು ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಉರಿಯುವ ದೀಪಕ್ಕೂ ಉಸಿರಾಡುವ ಕೋಶಕ್ಕೂ ಬೇಕಾದದ್ದು ಒಂದೇ ಆಮ್ಲಜನಕ.

ಈಗ ಹಗೇವು ಅಪರೂಪ. ಆದರೆ ಪಾಳುಬಾವಿ, ಗೋಬರ್ ಗ್ಯಾಸ್ ಗುಂಡಿ, ಶೌಚದ ಗುಂಡಿ ಎಲ್ಲ ಊರಲ್ಲೂ ಇವೆ. ಇವುಗಳಿಗೆ ದೀಪದ ಪರೀಕ್ಷೆ ಮಾಡಲೇಬೇಡಿ. ಅಲ್ಲಿ ಹೊತ್ತಿಕೊಳ್ಳುವ ಮೀಥೇನ್ ಇರಬಹುದು, ವಿಷದ ಹೈಡ್ರೋಜನ್ ಸಲ್ಫೈಡ್ ಇರಬಹುದು. ರಕ್ಷಣಾ ಸಾಧನವಿಲ್ಲದೆ ಶೌಚದ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಒಬ್ಬರು ಒಳಗೆ ಬಿದ್ದರೆ ಅಣ್ಣನೋ ತಮ್ಮನೋ ಹಿಂದೆಯೇ ಧುಮುಕುತ್ತಾರೆ. ಒಂದು ಸಾವು ಮೂರಾಗುತ್ತದೆ. ಕರುಳು ಎಳೆದರೂ ಇಳಿಯಬೇಡಿ. 112ಕ್ಕೆ ಕರೆ ಮಾಡಿ, ಸಾಧನ ಇರುವವರನ್ನು ಕರೆಸಿ.

ಮಕ್ಕಳೇ, ಈ ಪಾಠವನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿ. ಐವತ್ತು ವರ್ಷದಿಂದ ಅಕ್ಷರ ಕಲಿಸಿದ ಈ ಶಾಲೆಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಕಿಲ್ಲ.