ಓಲೆ, ಕಾಗದ, ಶಿಲೆ: ಹಲಬರ್ಗಾ ಸೀಮೆಯ ಹಳೆಯ ಬರಹಗಳಿಗೊಂದು ಛಾಯಾಪ್ರತಿ ಯೋಜನೆ

(ಪ್ರತಿಷ್ಠಾ ಮಹೋತ್ಸವದ ನಿಮಿತ್ತ ನೀಡಿದ ಉಪನ್ಯಾಸದ ಪಾಠ)

 

ನೂತನ ಬಿಂಬಗಳ ಪ್ರತಿಷ್ಠೆಯ ಸಂಭ್ರಮದಲ್ಲಿ ಹಳೆಯ ಓಲೆ-ಕಾಗದಗಳ ಮಾತು ಏಕೆಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಬಸದಿಗಳ ಹಳೆಯ ಬರಹಗಳಿಗೆ ಅಪಾಯ ಒದಗುವುದು ಅನೇಕ ವೇಳೆ ಇಂಥ ಶುಭಸಂದರ್ಭದಲ್ಲಿಯೇ. ಜೀರ್ಣೋದ್ಧಾರವೆಂದ ಮೇಲೆ ಗೋಡೆಗಳನ್ನು ಇಳಿಸುತ್ತಾರೆ. ಭಂಡಾರದ ಕೋಣೆಯನ್ನು ಬರಿದು ಮಾಡುತ್ತಾರೆ. ಗೆದ್ದಲು ತಿಂದ ಹೊತ್ತಿಗೆಗಳನ್ನು ಅವಿನಯವಾಗಬಾರದೆಂಬ ಭಕ್ತಿಯಿಂದಲೇ ಹೊಳೆಗೆ ಬಿಡುತ್ತಾರೆ. ಪೀಠದ ಮೇಲಣ ನಾಲ್ಕು ಸಾಲಿನ ಶಾಸನ ಸಿಮೆಂಟಿನ ಕೆಳಗೆ ಸೇರುತ್ತದೆ. ಲೋಹಬಿಂಬಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಸಿದಷ್ಟೂ ಬೆನ್ನಿನ ಮೇಲಿನ ದಾನಿಯ ಹೆಸರು ಸವೆಯುತ್ತದೆ. ಇದಾವುದೂ ದುರುದ್ದೇಶದಿಂದ ಆಗುವುದಲ್ಲ. ಆದರೆ ಹೋದ ಅಕ್ಷರ ಮರಳಿ ಬರುವುದಿಲ್ಲ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೆಂದರೆ ಹಿಂದಿನವರಿಗೆ ಪ್ರತಿ ಮಾಡಿಸಿ ಕೊಡುವುದೇ ಆಗಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ಸಂಗತಿ ಸರ್ವವಿದಿತ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ದೇಮಿಯಕ್ಕನೆಂಬ ಶ್ರಾವಿಕೆ ಧವಲಾ ಟೀಕೆಯ ಪ್ರತಿಯೊಂದನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಇಂದು ಛಾಯಾಯಂತ್ರದಿಂದಲೂ ಸ್ಕ್ಯಾನರಿನಿಂದಲೂ ತೆಗೆಯುವ ಪ್ರತಿ ಅದೇ ದಾನದ ಇನ್ನೊಂದು ರೂಪ. ಲೇಖಕನ ಕಂಟದ ಸ್ಥಾನಕ್ಕೆ ಬೆಳಕು ಬಂದಿದೆ, ಅಷ್ಟೆ.

ಪ್ರತಿಯೆಂಬುದು ಮೂಲದಿಂದ ದೂರ ಹೋಗಿ ನೆಲೆಸಬೇಕೆಂಬುದಕ್ಕೆ ಈ ಸೀಮೆಗೆ ನಿದರ್ಶನವನ್ನು ಹೊರಗಿನಿಂದ ತರಬೇಕಾಗಿಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಮಳಖೇಡ, ನೆರೆಯ ಕಲಬುರಗಿ ಜಿಲ್ಲೆಯಲ್ಲಿದೆ. ಅಪಭ್ರಂಶದ ಮಹಾಕವಿ ಪುಷ್ಪದಂತ ತನ್ನ ಮಹಾಪುರಾಣವನ್ನು 965ರಲ್ಲಿ ಪೂರ್ಣಗೊಳಿಸಿದ್ದು ಅಲ್ಲಿಯೇ. ಏಳು ವರ್ಷ ಕಳೆಯುವಷ್ಟರಲ್ಲಿ, 972ರಲ್ಲಿ, ಮಾಳವದ ಸೀಯಕನ ಸೇನೆ ಆ ನಗರವನ್ನು ಸೂರೆಮಾಡಿತು. ಮಹಾಪುರಾಣ ಉಳಿಯಿತು, ಆದರೆ ಉಳಿದದ್ದು ಮಳಖೇಡದಲ್ಲಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಸಂಪಾದಿಸಿದ ವಿದ್ವಾಂಸರಿಗೆ ಹಸ್ತಪ್ರತಿಗಳು ದೊರೆತದ್ದು ಕಾರಂಜಾ ಮುಂತಾದ ದೂರದ ಭಂಡಾರಗಳಲ್ಲಿ. ಯಾರೋ ಒಬ್ಬರು ಎಂದೋ ಒಂದು ಪ್ರತಿಯನ್ನು ಹೊತ್ತು ಹೋಗಿರದಿದ್ದರೆ ಕಾವ್ಯದ ಹೆಸರೂ ತಿಳಿಯುತ್ತಿರಲಿಲ್ಲ.

ಇನ್ನು ಮೂಡಬಿದಿರೆಯ ವೃತ್ತಾಂತ. ಛಾಯಾಪ್ರತಿ ಯೋಜನೆಗೆ ಕೈಹಾಕುವ ಪ್ರತಿಯೊಬ್ಬರೂ ಇದನ್ನು ಮೊದಲು ತಿಳಿದಿರತಕ್ಕದ್ದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆ, ಕಷಾಯಪಾಹುಡಕ್ಕೆ ಅವರು ಆರಂಭಿಸಿ ಶಿಷ್ಯರಾದ ಜಿನಸೇನರು 837ರಲ್ಲಿ ಪೂರೈಸಿದ ಜಯಧವಲಾ, ಇವುಗಳೊಡನೆ ಮಹಾಧವಲವೆಂದು ಹೆಸರಾದ ಮಹಾಬಂಧ, ಈ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಡವೋಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಲಭ್ಯವಿದ್ದವು. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಓದುವವರಿರಲಿಲ್ಲ. ಓಲೆಗಳು ಮಾತ್ರ ಯಾರನ್ನೂ ಕಾಯದೆ ಶಿಥಿಲವಾಗುತ್ತಿದ್ದವು.

ಸೊಲ್ಲಾಪುರದ ಹೀರಾಚಂದ ನೇಮಚಂದರಂಥ ಶ್ರೇಷ್ಠಿಗಳ ಪ್ರಯತ್ನದ ಫಲವಾಗಿ 1896ರ ಸುಮಾರಿಗೆ ಪ್ರತಿಲೇಖನ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ಕುಳಿತು ಬರೆದರು. ಬ್ರಹ್ಮಸೂರಿ ಶಾಸ್ತ್ರಿಗಳು ಕಾರ್ಯ ಮುಗಿಯುವ ಮೊದಲೇ ಕಾಲವಾದರು. ಎಲ್ಲ ಪ್ರತಿಗಳೂ ಸಿದ್ಧವಾಗುವ ಹೊತ್ತಿಗೆ 1922 ಬಂದಿತ್ತು, ಇಪ್ಪತ್ತಾರು ವರ್ಷ! ಅವೂ ಹೊರಗೆ ಹೋಗುವಂತಿರಲಿಲ್ಲ. ಗಜಪತಿ ಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಸಿದ್ಧಪಡಿಸಿದ ಇನ್ನೊಂದು ಪ್ರತಿ ಸಹಾರನಪುರವನ್ನು ಸೇರಿತು. ಅಲ್ಲಿಂದ ಪ್ರತಿಯ ಪ್ರತಿಗಳು ಹರಡಿದವು. ಅವುಗಳ ಆಧಾರದ ಮೇಲೆ ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಗುಟ್ಟಾಗಿ ಬರೆದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಹಿರಿಯರಲ್ಲಿ ಬಹುಕಾಲ ನಡೆಯಿತು. ಜಿನವಾಣಿ ಲೋಕಕ್ಕೆ ಬಂದುದು ಆ ದಂಪತಿಗಳ ಬೆರಳುಗಳಿಂದ ಎಂಬುದನ್ನಂತೂ ಯಾರೂ ಅಲ್ಲಗಳೆಯಲಾರರು.

ಆದರೆ ಕೈಬರಹದ ಪ್ರತಿಗೆ ಒಂದು ದೋಷವಿದೆ. ಮೊದಲ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ, ಸಂಸ್ಕೃತದ ‘ಸಂಯತ’, ಸಂಪಾದಕರ ಕೈಸೇರಿದ ಪ್ರತಿಗಳಲ್ಲಿ ಇರಲಿಲ್ಲ. ಅರ್ಥಸಂದರ್ಭವನ್ನು ನೋಡಿ, ಅಲ್ಲಿ ಆ ಪದ ಇರಬೇಕೆಂದು ಸಂಪಾದಕರು ಸೂಚಿಸಿದರು. ಅದರ ಮೇಲೆ ಎದ್ದ ವಾದವಿವಾದ ಸಮಾಜದಲ್ಲಿ ವರ್ಷಗಟ್ಟಲೆ ನಡೆಯಿತು. ಅದರ ಸೈದ್ಧಾಂತಿಕ ಪಕ್ಷಗಳ ವಿಚಾರ ಇಲ್ಲಿ ಬೇಕಿಲ್ಲ. ಮೂಡಬಿದಿರೆಯ ತಾಡವೋಲೆಗಳನ್ನೇ ತೆರೆದು ನೋಡಿದಾಗ ಪದ ಅಲ್ಲಿ ಇತ್ತು. ಬರೆಯುವವನ ಕಣ್ಣು ಒಂದು ಕ್ಷಣ ಜಾರಿದ್ದರಿಂದ ಇಷ್ಟೆಲ್ಲ ಆಯಿತು. ಮೂಲದ ಛಾಯಾಚಿತ್ರ ಅಂದೇ ಇದ್ದಿದ್ದರೆ ಪ್ರಶ್ನೆ ಒಂದು ಮಧ್ಯಾಹ್ನದಲ್ಲಿ ಬಗೆಹರಿಯುತ್ತಿತ್ತು. ಮುಂದೆ ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಸಿದ್ಧಾಂತ ಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೊರೆಯಿಸುವಾಗಲೂ ಇದೇ ಪದದ ಪ್ರಶ್ನೆ ಮತ್ತೆ ತಲೆಯೆತ್ತಿತು. ತಾಮ್ರ ಎಷ್ಟು ಗಟ್ಟಿಯಾದರೇನು, ಅದರ ಮೇಲೆ ಏನು ಕೊರೆಯಬೇಕೆಂಬುದನ್ನು ಓಲೆಯೇ ಹೇಳಬೇಕು.

ಹಾಗಾದರೆ ಬೀದರ–ಭಾಲ್ಕಿ ರೈಲುದಾರಿಯ ಮೇಲಿರುವ ಹಲಬರ್ಗಾದ ಸುತ್ತಿನಲ್ಲಿ ಏನಿದೆ? ಮೂಡಬಿದಿರೆಯಂಥ ಭಂಡಾರವನ್ನು ಇಲ್ಲಿ ನಿರೀಕ್ಷಿಸುವುದು ಬೇಡ. ಕಮಠಾಣದ ಪ್ರಾಚೀನ ಪಾರ್ಶ್ವನಾಥ ಬಸದಿ ಎಲ್ಲರಿಗೂ ಗೊತ್ತು. ಡಾ. ಪಿ. ಬಿ. ದೇಸಾಯಿಯವರು ಸೇಡಂ, ಅಡಕಿ, ಮಳಖೇಡ ಮುಂತಾದೆಡೆಯ ಜೈನ ಶಾಸನಗಳನ್ನು ಸಂಗ್ರಹಿಸಿ 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಪ್ರಕಟಿಸಿದ ಮೇಲೆ ಕಲ್ಲಿನ ಬರಹಗಳ ಬಗೆಗೆ ವಿದ್ವಾಂಸರ ಲಕ್ಷ್ಯ ಈ ಭಾಗದತ್ತ ಹರಿಯಿತು. ಕಾಗದದ ಬರಹಗಳ ಕಡೆಗೆ ಅಷ್ಟು ಲಕ್ಷ್ಯ ಹರಿದಿಲ್ಲ. ಅವು ಇರುವುದು ಮನೆಗಳಲ್ಲಿ: ಅಜ್ಜಿ ಓದುತ್ತಿದ್ದ ವ್ರತಕಥೆಯ ಕೈಬರಹದ ಹೊತ್ತಿಗೆ, ಪೂಜಾವಿಧಿಯ ಪುಟಗಳು, ಬಸದಿಯ ಜಮಾಖರ್ಚಿನ ವಹಿ, ಇನಾಮು ಜಮೀನಿನ ಸನದು, ಯಾತ್ರೆಯ ಲೆಕ್ಕ, ಯಾವುದೋ ಪ್ರತಿಷ್ಠೆಯ ಕುಂಕುಮಪತ್ರಿಕೆ.

ಇವುಗಳ ವಿಶೇಷ ತೊಡಕು ಲಿಪಿಯದು. ಬೀದರ ಜಿಲ್ಲೆ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ನಿಜಾಮರ ಕಚೇರಿಯ ಭಾಷೆ ಮೊದಲು ಫಾರಸಿ, 1884ರಿಂದ ಉರ್ದು. ಮನೆಯ ಲೆಕ್ಕ ಮೋಡಿ ಲಿಪಿಯ ಮರಾಠಿ; ಪೂಜೆಯ ಪಾಠ ಬಾಲಬೋಧ ಇಲ್ಲವೆ ಕನ್ನಡ. ಹೀಗಾಗಿ ಒಂದೇ ಮನೆಯ ಒಂದೇ ಗಂಟಿನಲ್ಲಿ ನಾಲ್ಕು ಲಿಪಿಗಳ ಕಾಗದಗಳು ಇರಬಹುದು. ಕಚೇರಿಯ ಶಿಕಸ್ತಾ ಬರಹವನ್ನೂ ಮೋಡಿಯನ್ನೂ ತಡವರಿಸದೆ ಓದುವವರು ಈಗ ಎಣಿಕೆಗೆ ಸಿಗುವಷ್ಟು ಮಂದಿ, ಅವರೂ ವಯೋವೃದ್ಧರು. ಛಾಯಾಚಿತ್ರವನ್ನು ಮುಂದಿನ ವರ್ಷವೂ ತೆಗೆಯಬಹುದು. ಓದುವವರು ಮುಂದಿನ ವರ್ಷ ಇರುತ್ತಾರೆಂದು ಯಾರು ಹೇಳಬಲ್ಲರು?

ಸರ್ಕಾರದ ನೆರವನ್ನು ಕುರಿತು ಒಂದು ಮಾತು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. 2025-26ರ ಕೇಂದ್ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ-ಸಂರಕ್ಷಣೆಗೆ ಜ್ಞಾನ ಭಾರತಂ ಯೋಜನೆ ಘೋಷಿತವಾಯಿತು. ಇವು ಸ್ವಾಗತಾರ್ಹವೇ. ಆದರೆ ಹಸ್ತಪ್ರತಿ ಅಭಿಯಾನ ತಾನೇ ಹಾಕಿಕೊಂಡ ವ್ಯಾಖ್ಯೆಯಂತೆ ಹಸ್ತಪ್ರತಿಯೆಂದರೆ ಕನಿಷ್ಠ 75 ವರ್ಷ ಹಳೆಯದಾದ, ಶಾಸ್ತ್ರೀಯ, ಐತಿಹಾಸಿಕ ಅಥವಾ ಕಲಾತ್ಮಕ ಮೌಲ್ಯವುಳ್ಳ ಕೈಬರಹ. ಶಿಲಾಶಾಸನ, ಫರ್ಮಾನು, ಕಂದಾಯದ ಕಾಗದಗಳು ಅದರಲ್ಲಿ ಸೇರವು. ಅಂದರೆ ವ್ರತಕಥೆಯ ಹೊತ್ತಿಗೆ ಒಳಗೆ ಬಂದೀತು; ಇನಾಮಿನ ಸನದು, ಪೀಠದ ಶಾಸನ ಹೊರಗೆ ಉಳಿಯುತ್ತವೆ. ಬಸದಿಯ ಚರಿತ್ರೆಗೆ ಬೇಕಾದುದರ ದೊಡ್ಡ ಪಾಲು ಹೀಗೆ ಹೊರಗೆ ಉಳಿಯುವಂಥದು. ಅದನ್ನು ಸಮಾಜವೇ ವಹಿಸಿಕೊಳ್ಳಬೇಕು.

ವಹಿಸಿಕೊಳ್ಳುವವರು ಸಾಮಾನ್ಯವಾಗಿ ಮೊದಲು ಯಂತ್ರವನ್ನು ಕೊಳ್ಳುತ್ತಾರೆ. ಇದು ತಪ್ಪು ಕ್ರಮ. ಮೊದಲು ಬೇಕಾದುದು ಒಂದು ವಹಿ ಮತ್ತು ಪೆನ್ಸಿಲು. ಮನೆಮನೆಗೆ ಹೋಗಿ ಯಾರ ಬಳಿ ಏನಿದೆ, ಎಷ್ಟು ಗರಿ ಅಥವಾ ಪುಟ, ಯಾವ ಲಿಪಿ, ಯಾವ ಸ್ಥಿತಿ ಎಂದು ಪಟ್ಟಿ ಮಾಡತಕ್ಕದ್ದು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಯ ಭಂಡಾರಗಳ ಓಲೆಗಳನ್ನು ನೋಡಿ ಸಿದ್ಧಪಡಿಸಿದ, 1948ರಲ್ಲಿ ಭಾರತೀಯ ಜ್ಞಾನಪೀಠ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಗೆ ಯಾವ ಯಂತ್ರದ ನೆರವೂ ಇರಲಿಲ್ಲ. ವಿದ್ವಾಂಸರು ಅದನ್ನು ಇಂದಿಗೂ ಬಿಡಿಸಿ ನೋಡುತ್ತಾರೆ. ಪಟ್ಟಿಯಿಲ್ಲದ ಹತ್ತು ಸಾವಿರ ಚಿತ್ರಗಳು ಬೆಳಕಿಲ್ಲದ ಕೋಣೆಯಲ್ಲಿ ಸುರಿದ ಕಾಗದದ ರಾಶಿಗೆ ಸಮಾನ.

ಮನೆಯವರ ಮನಸ್ಸಿನ ಅಳುಕನ್ನೂ ಪಟ್ಟಿಯ ಹಂತದಲ್ಲಿಯೇ ನಿವಾರಿಸಬೇಕು. ಮೂಲ ಅವರದೇ, ಅವರ ಮನೆಯಲ್ಲಿಯೇ ಉಳಿಯುತ್ತದೆ. ಪ್ರತಿ ಮಾತ್ರ ಬಸದಿಗೆ, ಎಂದು ಬರೆದು ಕೊಡುವುದು ಲೇಸು. ಸಾಲದ ಪತ್ರ, ಪಾಲುಪಟ್ಟಿಯ ಕಾಗದಗಳನ್ನು ಮನೆಯವರು ಬೇಡವೆಂದರೆ ಬಿಟ್ಟುಬಿಡಬೇಕು. ಮಡಿಯ ಪ್ರಶ್ನೆ ಬಂದಲ್ಲಿ ಸ್ನಾನ ಮಾಡಿ ಶುದ್ಧವಸ್ತ್ರ ಧರಿಸಿದ ಶ್ರಾವಕನೇ ಗರಿಗಳನ್ನು ತಿರುವಲಿ, ಚಿತ್ರ ತೆಗೆಯುವವನು ಯಂತ್ರವನ್ನು ಮಾತ್ರ ಮುಟ್ಟಲಿ. ಇದರಿಂದ ಕೆಲಸವೂ ಚುರುಕಾಗುತ್ತದೆ.

ಓಲೆಗರಿಗೆ ಕಚೇರಿಗಳಲ್ಲಿರುವ ಮುಚ್ಚಳದ ಸ್ಕ್ಯಾನರು ಸಲ್ಲದು. ಒಣಗಿ ಬಾಗಿದ ಗರಿಯನ್ನು ಗಾಜಿನ ಮೇಲೆ ಒತ್ತಿದರೆ ಮುರಿಯುತ್ತದೆ. ಮೇಲಿನಿಂದ ನೇರವಾಗಿ ನೋಡುವಂತೆ ನಿಲ್ಲಿಸಿದ ಛಾಯಾಯಂತ್ರವೇ ಯೋಗ್ಯ. ಎರಡೂ ಪಕ್ಕದಿಂದ ಸಮನಾದ ಬೆಳಕು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇರಲಿ. ಗರಿಯ ಎರಡೂ ಮೈ, ಬರಹವಿಲ್ಲದ ಗರಿ, ಮರದ ಹಲಗೆ, ಎಲ್ಲವನ್ನೂ ತೆಗೆಯಬೇಕು. ಕೊರೆದ ಅಕ್ಷರ ಮಸುಕಾಗಿದ್ದರೆ ದೀಪದ ಕಾಡಿಗೆಯನ್ನು ಸವರುವುದೂ ಗರಿಗೆ ನಿಂಬೆಹುಲ್ಲಿನ ಎಣ್ಣೆ ಲೇಪಿಸುವುದೂ ರೂಢಿಯಲ್ಲಿವೆ. ಬಲ್ಲವರ ಕೈಯಿಂದ ಮಾತ್ರ ಮಾಡಿಸತಕ್ಕದ್ದು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಲ್ಯಾಮಿನೇಷನ್ ಮಾಡಿಸುವ ಉತ್ಸಾಹವನ್ನಂತೂ ಯಾರೂ ತೋರಬಾರದು. ಅದು ರಕ್ಷಣೆಯಲ್ಲ, ಸಮಾಧಿ.

ಗಾತ್ರದ ಅಂದಾಜು ಹೀಗಿದೆ. ಹದಿನಾರು ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಗರಿಯ ಒಂದು ಮೈಯನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಬಣ್ಣದಲ್ಲಿ, ಸಂಕೋಚನವಿಲ್ಲದ ಟಿಫ್ ಕಡತವಾಗಿ ಉಳಿಸಿದರೆ ಸುಮಾರು 26 ಮೆಗಾಬೈಟ್ ಆಗುತ್ತದೆ. ನೂರು ಗರಿಯ ಗ್ರಂಥವೊಂದಕ್ಕೆ ಇನ್ನೂರು ಚಿತ್ರ, ಐದು ಗಿಗಾಬೈಟಿಗೆ ತುಸು ಹೆಚ್ಚು. ಇಂದಿನ ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಇಂಥ ನೂರಾರು ಗ್ರಂಥಗಳು ಹಿಡಿಸುತ್ತವೆ. ಆದುದರಿಂದ ಜಾಗದ ಚಿಂತೆ ಬೇಡ. ತಾಳ್ಮೆ ಎಷ್ಟು ಬೇಕೆಂಬುದಕ್ಕೆ ಉಡುಪಿಯ ಉದಾಹರಣೆ ಇದೆ: ಮಧ್ವಾಚಾರ್ಯರ ಸರ್ವಮೂಲದ ಸುಮಾರು 340 ಗರಿಗಳ ಓಲೆಯ ಗ್ರಂಥವನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ವಿಶೇಷ ಬೆಳಕಿನಲ್ಲಿ ಚಿತ್ರೀಕರಿಸಿದಾಗ ತೆಗೆದ ಚಿತ್ರಗಳು ಏಳು ಸಾವಿರಕ್ಕೂ ಮಿಗಿಲು. ಕಣ್ಣಿಗೆ ಕಾಣದಂತೆ ಕಪ್ಪಾಗಿದ್ದ ಅಕ್ಷರಗಳು ಅದರಿಂದ ಓದಬರುವಂತಾದವು. ಹಲಬರ್ಗಾದ ಕೆಲಸಕ್ಕೆ ಅಷ್ಟು ದೊಡ್ಡ ಏರ್ಪಾಡು ಬೇಕಾಗಲಾರದು.

ಪ್ರತಿ ಚಿತ್ರಕ್ಕೂ ಹೆಸರಿಡುವ ಕ್ರಮವನ್ನು ಮೊದಲ ದಿನವೇ ಗೊತ್ತುಪಡಿಸಿ ಎಲ್ಲರೂ ಪಾಲಿಸತಕ್ಕದ್ದು: ಊರು, ಪಟ್ಟಿಯ ಕ್ರಮಸಂಖ್ಯೆ, ಗರಿಯ ಸಂಖ್ಯೆ, ಮುಂಬದಿ ಅಥವಾ ಹಿಂಬದಿ. ಆ ದಿನದ ಚಿತ್ರಗಳನ್ನು ಆ ದಿನವೇ ಮೂಲದೊಡನೆ ಎಣಿಸಿ ನೋಡದೆ ಗಂಟು ಕಟ್ಟಬಾರದು. ಮೋಡಿ, ಉರ್ದು ಬಲ್ಲ ಹಿರಿಯರ ಮುಂದೆ ಚಿತ್ರಗಳನ್ನಿಟ್ಟು ಅವರು ಓದಿ ಹೇಳಿದುದನ್ನು ಧ್ವನಿಮುದ್ರಿಸಿಕೊಳ್ಳಬೇಕು; ಬರೆದುಕೊಳ್ಳುವುದು ಆಮೇಲೆ ಆದೀತು. ಕಾಲೇಜಿಗೆ ಹೋಗುವ ಮಕ್ಕಳು ಈ ಕೆಲಸಕ್ಕೆ ಒದಗಿದರೆ ಇಬ್ಬರಾದರೂ ಮೋಡಿಯನ್ನು ಕಲಿತಾರು.

ಪ್ರತಿಗಳು ಮೂರಿರಬೇಕು: ಒಂದು ಬಸದಿಯಲ್ಲಿ, ಒಂದು ಬೀದರದಲ್ಲಿ, ಇನ್ನೊಂದು ಜಿಲ್ಲೆಯ ಹೊರಗೆ, ಸೊಲ್ಲಾಪುರದಲ್ಲೋ ಶ್ರವಣಬೆಳಗೊಳದಲ್ಲೋ. ಆದರೆ ಡಿಸ್ಕು ಓಲೆಯಂತೆ ಎಂಟುನೂರು ವರ್ಷ ಬಾಳುವ ವಸ್ತುವಲ್ಲ. ಕೆಲವೇ ವರ್ಷಗಳಲ್ಲಿ ಅದು ಮೌನವಾಗಬಹುದು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಧೂಳು ಝಾಡಿಸಿ ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಪದ್ಧತಿಯನ್ನು ಹಿರಿಯರು ಸುಮ್ಮನೆ ಇಟ್ಟದ್ದಲ್ಲ; ವರ್ಷಕ್ಕೊಮ್ಮೆ ಹುಳು ಹಿಡಿದಿದೆಯೇ ಎಂದು ನೋಡುವ ನೆಪವೂ ಅದರಲ್ಲಿದೆ. ಅದೇ ದಿನ ಮೂರೂ ಡಿಸ್ಕುಗಳನ್ನು ತೆರೆದು ನೋಡಿ, ಹಳೆಯದಾದುದರಿಂದ ಹೊಸತಕ್ಕೆ ನಕಲು ಮಾಡಿ, ನೋಡಿದವರು ವಹಿಯಲ್ಲಿ ಸಹಿ ಹಾಕುವ ರೂಢಿ ಬರಲಿ.

ಮಹೋತ್ಸವ ಮುಗಿದು ಚಪ್ಪರ ಇಳಿಯುವ ಮೊದಲು ಆಗಬೇಕಾದ ಒಂದು ಕಾರ್ಯ ಇದೆ. ಅದಕ್ಕೆ ಯಂತ್ರವೂ ಬೇಡ, ಧನವೂ ಬೇಡ. ಹಳೆಯ ಬಿಂಬಗಳ ಬೆನ್ನು ಮತ್ತು ಪೀಠಗಳನ್ನು, ಜೀರ್ಣೋದ್ಧಾರದಲ್ಲಿ ತೆಗೆದಿಟ್ಟ ಕಲ್ಲುಗಳನ್ನು ಓರೆ ಬಿಸಿಲಿನಲ್ಲಿ, ಮುಂಜಾನೆ ಅಥವಾ ಇಳಿಹೊತ್ತಿನಲ್ಲಿ, ಕೈಯಲ್ಲಿರುವ ಮೊಬೈಲಿನಿಂದಲೇ ಚಿತ್ರ ತೆಗೆದಿಡುವುದು. ನೆತ್ತಿಯ ಬಿಸಿಲಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಹೊರಗೆ ರಾಶಿ ಹಾಕಿದ ಹಳೆಯ ಕಲ್ಲುಗಳನ್ನು ಗಾಡಿಗೆ ಹೇರುವ ಮುನ್ನ ಒಮ್ಮೆ ತಿರುವಿ ನೋಡತಕ್ಕದ್ದು.